ಹನ್ನೊಂದು ಸಲ ಭಯೋತ್ಪಾದಕನಾದ ಅಟೆಂಡರ್

ಕಾನೂನು ಕರಡು ಇಲಾಖೆಯ ಮೂರನೇ ಮಹಡಿಯಲ್ಲಿ ಟೀ ಹಂಚುತ್ತಿದ್ದ ಆ ಅಟೆಂಡರ್ ಮಾಡದ ಅಪರಾಧವಿರಲಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಲವತ್ತಾರು ಕಳ್ಳತನ, ಒಂಬತ್ತು ದರೋಡೆ, ಲೆಕ್ಕವಿಲ್ಲದಷ್ಟು ಮೋಸ, ಒಂದು ಕಡಲ್ಗಳ್ಳತನ. ಈ ಕೊನೆಯದು ನಡೆದಾಗ ಅವನು ಸಮುದ್ರವನ್ನು ಕಂಡಿದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ; ಅದನ್ನೂ ಹೆಚ್ಚು ಹೊತ್ತು ನೋಡಿದರೆ ಹೊಟ್ಟೆ ತೊಳಸುತ್ತಿತ್ತು. ಎಲ್ಲಕ್ಕೂ ಸೇರಿಸಿ ಶಿಕ್ಷೆ ಎಣಿಸಿದರೆ ಏಳುನೂರ ಎಂಬತ್ತು ವರ್ಷ ಒಳಗಿರಬೇಕಾಗಿತ್ತು. ಆದರೂ ದಿನಾ ಸಂಜೆ ಐದೂವರೆಗೆ ಖುಲಾಸೆಯಾಗಿ, ಛತ್ರಿ, ಬುತ್ತಿಡಬ್ಬಿ ಎತ್ತಿಕೊಂಡು ಮನೆಗೆ ಹೋಗುತ್ತಿದ್ದ. ಅವನ ಸ್ವಂತ ಹೆಸರು ಸಂಬಳದ ಪಟ್ಟಿಗೆ ಬಿಟ್ಟರೆ ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಕರೆಯುತ್ತಿದ್ದದ್ದು 'ಆರೋಪಿ' ಎಂದೇ. ಹೊಸದಾಗಿ ಸೇರಿದವರು ಮಾತ್ರ ಮರ್ಯಾದೆ ಕೊಟ್ಟು 'ಆರೋಪಿಯವರೇ' ಎನ್ನುತ್ತಿದ್ದರು.

ಇದೆಲ್ಲ ಆ ಇಲಾಖೆಯ ಒಂದು ಹಳೆಯ ಪದ್ಧತಿಯಿಂದ ಬಂದದ್ದು. ಅಲ್ಲಿ ಯಾವುದೇ ಹೊಸ ಅಪರಾಧದ ಕಲಂ ಬರೆದರೂ ಅದನ್ನು ಊರ ಮೇಲೆ ಬಿಡುವ ಮೊದಲು ಒಬ್ಬ ಸಾಧು ಮನುಷ್ಯನ ಮೇಲೆ ಹಾಕಿ ನೋಡಬೇಕು, ಚಪ್ಪಲಿ ಹೊಲಿಯುವವನು ಹೊಲಿದ ಮೇಲೆ ಕಾಲಿಗೆ ಹಾಕಿ ನೋಡುವ ಹಾಗೆ. ಟೀ ಕೋಣೆಯಲ್ಲಿ, ಕೈತೊಳೆಯುವ ತೊಟ್ಟಿಯ ಪಕ್ಕದಲ್ಲಿ, ಕಾಗದದ ರೀಮುಗಳು ಬರುವ ಮರದ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿರುತ್ತಿದ್ದರು. ಅದೇ ಕಟಕಟೆ. ಅದರ ಮೇಲೆ ನಿಂತ ಮನುಷ್ಯ ಹಿಂದಿನ ಏಳು ದಿನ ತಾನು ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಬೇಕು. ಕರಡು ಬರೆದ ಅಧಿಕಾರಿಗಳು ಸುತ್ತ ಕೂತು ಕಲಂ ಹಿಡಿದುಕೊಂಡು ಅವನನ್ನು ಸಿಕ್ಕಿಸಲು ನೋಡಬೇಕು. ತಪ್ಪಿಲ್ಲದ ಕೆಲಸಕ್ಕೆ ಅವನು ಸಿಕ್ಕಿಬಿದ್ದರೆ ಕಲಂ ಸರಿಯಿಲ್ಲವೆಂದು ರಿಪೇರಿಗೆ ಹಿಂದಕ್ಕೆ. ಹೇಳುವವನು ಸುಳ್ಳು ಹೇಳಕೂಡದು. ಕೇಳುವವರು ನಗಕೂಡದು.

ಈ ಕೆಲಸಕ್ಕೆ ಅವನೇ ಆಯ್ಕೆಯಾದದ್ದೂ ತಮಾಷೆಯೇ. ಇಪ್ಪತ್ತೇಳನೇ ವಯಸ್ಸಿನಲ್ಲಿ, ನೌಕರಿಗೆ ಸೇರಿದ ಮೊದಲ ದಿನ, ಆಗಿನ ಮುಖ್ಯಸ್ಥರು ಟೀ ತೆಗೆದುಕೊಳ್ಳುತ್ತಾ, "ಏನಪ್ಪಾ, ಬೆಳಿಗ್ಗೆಯಿಂದ ಏನು ಮಾಡಿದೆ?" ಎಂದು ಬಾಯಿಮಾತಿಗೆ ಕೇಳಿದರು. ಅವನು ಹಲ್ಲುಜ್ಜಿದ್ದರಿಂದ ಶುರುಮಾಡಿದ. ಯಾವ ಹಲ್ಲು ಮೊದಲು, ಯಾವುದು ಆಮೇಲೆ ಎಂಬುದೂ ಬಂತು. ಒಂದೂವರೆ ಗಂಟೆಯ ನಂತರ ಅವನು ಇನ್ನೂ ಬಸ್ಸು ಹತ್ತಿರಲಿಲ್ಲ. ಟೀ ಕೆನೆಗಟ್ಟಿ, ಕೆನೆಯ ಮೇಲೆ ನೊಣ ಕೂತು, ನೊಣವೂ ತೂಕಡಿಸುತ್ತಿತ್ತು. ಮುಖ್ಯಸ್ಥರು ಕಣ್ಣೊರೆಸಿಕೊಂಡು, "ಇವನಿಗೆ ಮುಚ್ಚಿಡೋಕೆ ಬರೋದಿಲ್ಲ ಕಣ್ರಯ್ಯಾ, ಇವನೇ ಬೇಕು" ಎಂದರು.

ಅಂದಿನಿಂದ ಆ ದೇಶದ ದಂಡಸಂಹಿತೆ ಅವನ ಮೈಯಳತೆಗೆ ಹೊಲಿದ ಅಂಗಿಯಾಯಿತು. ಫೋರ್ಜರಿಯ ಕಲಮಿನಲ್ಲಿ ಸಿಕ್ಕಿಬಿದ್ದದ್ದು, ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಮಗಳ ಅಂಕಪಟ್ಟಿಗೆ ಅವಳ ಸಹಿ ತಾನೇ ಹಾಕಿದ್ದಕ್ಕೆ. ದ್ವಿಪತ್ನಿತ್ವದ ಮೊದಲ ಕರಡಿನಲ್ಲಿ ಸಿಕ್ಕಿಬಿದ್ದದ್ದು, ಮನೆಯಲ್ಲಿ ಮದುವೆಯಾದ ಹೆಂಡತಿಯನ್ನೇ ಆ ವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಇನ್ನೊಮ್ಮೆ ಮದುವೆಯಾಗಿದ್ದಕ್ಕೆ. "ಏನ್ರೀ, ನನ್ನ ಸವತಿ ನಾನೇನಾ?" ಎಂದು ಹೆಂಡತಿ ಒಂದು ತಿಂಗಳು ಅವನ ಜೀವ ಹಿಂಡಿದಳು. ಎರಡು ಕಲಮುಗಳೂ ರಿಪೇರಿಯಾಗಿ, ಊರಿನ ಗಂಡಂದಿರು ಯಾರಿಂದ ಬದುಕಿಕೊಂಡೆವೆಂದು ತಿಳಿಯದೆಯೇ ಬದುಕಿಕೊಂಡರು.

ಹೀಗಿರುವಾಗ ಭಯೋತ್ಪಾದನೆ ಬಂತು.

ಅದುವರೆಗೂ ಆ ಅಪರಾಧಕ್ಕೆ ಪ್ರತ್ಯೇಕ ಕಾಯ್ದೆಯಿತ್ತು. ಬೇರೆ ಮನೆ ಮಾಡಿಕೊಂಡು, ಬೇರೆ ಕೋರ್ಟು, ಬೇರೆ ನಿಯಮ, ಬೇರೆ ಗತ್ತು ಇಟ್ಟುಕೊಂಡು ಮೆರೆಯುತ್ತಿತ್ತು. ಈಗ ಸರ್ಕಾರಕ್ಕೆ ಅದನ್ನು ಸಾಮಾನ್ಯ ದಂಡಸಂಹಿತೆಯೊಳಕ್ಕೇ ತರಬೇಕೆನಿಸಿತು. ಕಳ್ಳತನ, ಹೊಡೆದಾಟ, ಮೋಸ, ಕೊಲೆಗಳೆಲ್ಲ ತಲೆಮಾರುಗಳಿಂದ ಒಂದೇ ಛಾವಣಿಯ ಕೆಳಗೆ ಹೊಂದಿಕೊಂಡು ಬಾಳುತ್ತಿದ್ದ ಕೂಡುಕುಟುಂಬಕ್ಕೆ ಈ ಹೊಸಬನನ್ನು ಸೇರಿಸಬೇಕು. ಸೇರಿಸಬೇಕೆಂದರೆ ಮೊದಲು ಅದು ಏನು ಎಂದು ನಾಲ್ಕು ಸಾಲಿನಲ್ಲಿ ಹೇಳಬೇಕು. ಆ ನಾಲ್ಕು ಸಾಲು ಮುಖ್ಯ ಕರಡುಗಾರ್ತಿಯ ತಲೆಗೆ ಬಿತ್ತು. ಕಚೇರಿಯಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಎಂಥ ತೊಡಕಿನ ಕಾನೂನನ್ನೂ ಊಟದ ಬಿಡುವಿನಲ್ಲಿ ಬರೆದು ಬಿಸಾಕುತ್ತಿದ್ದ ಹೆಂಗಸು ಈ ನಾಲ್ಕು ಸಾಲಿಗೆ ಹನ್ನೊಂದು ತಿಂಗಳು ತೇಯ್ದರು. ಅವರ ತಲೆಗೂದಲು ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕಪ್ಪಗಿದ್ದದ್ದು ಮಧ್ಯಾಹ್ನ ಒಂದಕ್ಕೆ ಬೆಳ್ಳಗಾದದ್ದನ್ನು ಇಡೀ ಇಲಾಖೆ ಕಣ್ಣಾರೆ ಕಂಡಿತು.

ಮೊದಲ ಕರಡು ಸುಲಭವಾಗಿತ್ತು: ಜನರಲ್ಲಿ ಭೀತಿ ಹುಟ್ಟಿಸುವ ಯಾವುದೇ ಕೃತ್ಯ ಭಯೋತ್ಪಾದನೆ. ಆರೋಪಿ ಪೆಟ್ಟಿಗೆ ಹತ್ತಿದ. ಭಾನುವಾರ ಮಧ್ಯಾಹ್ನ ಮಲಗಿದೆನೆಂದ. ತನ್ನ ಗೊರಕೆಗೆ ಭೂಕಂಪವಾಯಿತೆಂದು ಮೂರು ಮಹಡಿಯವರೂ ಬೀದಿಗೆ ಓಡಿಬಂದರೆಂದ. ಕೆಳಗಿನ ಟೈಲರ್ ಅಳತೆ ಟೇಪನ್ನು ಗಿರಾಕಿಯ ಸೊಂಟಕ್ಕೆ ಸುತ್ತಿದಂತೆಯೇ ಅವನನ್ನೂ ಎಳೆದುಕೊಂಡು ಓಡಿದನೆಂದ. ಮೇಡಂ ನಿಟ್ಟುಸಿರಿಟ್ಟು, "ಜೀವಾವಧಿ" ಎಂದು ಬರೆದುಕೊಂಡರು.

ಎರಡನೆಯದರಲ್ಲಿ 'ಬೇಕೆಂದೇ' ಎಂದು ಸೇರಿಸಿದರು. ಆ ವಾರ ಅವನು ಮೆಟ್ಟಿಲ ಮೇಲಿನ ಮಕ್ಕಳನ್ನು ನೀರಿನ ಟ್ಯಾಂಕಿನ ಹತ್ತಿರ ಹೋಗದಂತೆ ಮಾಡಲು ಅದರಲ್ಲಿ ದೆವ್ವವಿದೆಯೆಂದು ಬೇಕೆಂದೇ ಹೇಳಿದ್ದ. ಒಂಬತ್ತು ಮಕ್ಕಳು ಹೆದರಿದ್ದರು. ದೆವ್ವದ ವಿಷಯ ಹೇಳುತ್ತಾ ಹೇಳುತ್ತಾ ತಾನೂ ಹೆದರಿದ್ದ, ಆದ್ದರಿಂದ ಹತ್ತು. ಮತ್ತೆ ಜೀವಾವಧಿ. ನಾಲ್ಕನೆಯದರಲ್ಲಿ ವಿಷಕಾರಿ ವಸ್ತುವಿತ್ತು, ಅವನು ಜಿರಳೆಗೆ ಔಷಧಿ ಹೊಡೆದಿದ್ದ. ಏಳನೆಯದರಲ್ಲಿ ಸಾರ್ವಜನಿಕ ಆಸ್ತಿಯ ನಾಶವಿತ್ತು, ಅವನು ಬಸ್ ಸ್ಟಾಪಿನ ಕಂಬಕ್ಕೆ ಒರಗಿದ್ದ, ಕಂಬವೇ ಬಿದ್ದುಹೋಗಿತ್ತು.

"ನಿಮಗೆ ಸುಮ್ಮನೆ ಒಂದು ವಾರ ಇರೋಕಾಗಲ್ವೇನ್ರೀ?" ಎಂದು ಮೇಡಂ ಗೋಗರೆದರು.

"ಸುಮ್ಮನೇ ಇರ್ತೀನಿ ಮೇಡಂ. ವಾರವೇ ನನ್ನ ಸುಮ್ಮನೆ ಬಿಡಲ್ಲ" ಎಂದ ಆರೋಪಿ.

ಹತ್ತು ಕರಡು ಹೀಗೆ ಹಿಂದಕ್ಕೆ ಬಂದವು. ಹನ್ನೊಂದನೆಯದು ಮಾತ್ರ ಮೇಡಂಗೆ ಗಟ್ಟಿಯೆನಿಸಿತು. ಅದರ ಪ್ರಕಾರ, ಏನನ್ನಾದರೂ ಮಾಡುವಂತೆ ಸರ್ಕಾರವನ್ನು ಬಲವಂತಪಡಿಸುವ ಉದ್ದೇಶದಿಂದ, ಸರ್ಕಾರಿ ನೌಕರನನ್ನು ಹಿಡಿದಿಟ್ಟು ಅಥವಾ ಅಗತ್ಯ ಸೇವೆಯನ್ನು ನಿಲ್ಲಿಸಿ ಭೀತಿ ಹುಟ್ಟಿಸುವವನು ಭಯೋತ್ಪಾದಕ. ಗೊರಕೆ ಹೊಡೆಯುವವನು ಸರ್ಕಾರವನ್ನೇನು ಬಲವಂತಪಡಿಸುತ್ತಾನೆ? ಮೇಡಂ ಆರು ತಿಂಗಳಲ್ಲಿ ಮೊದಲ ಸಲ ಟೀಗೆ ಸಕ್ಕರೆ ಹಾಕಿಸಿಕೊಂಡರು. ಪರೀಕ್ಷೆ ಮಂಗಳವಾರಕ್ಕೆ ನಿಗದಿಯಾಯಿತು. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಕಡತ ಮಂತ್ರಿಗಳ ಮೇಜಿನ ಮೇಲಿರಬೇಕು.

ಆದರೆ ಅದಕ್ಕೂ ಮೊದಲು ಶನಿವಾರ ಬಂದುಹೋಗಿತ್ತು, ಮತ್ತು ಆರೋಪಿಯ ಮನೆಯಲ್ಲಿ ಅತ್ತೆ ಇದ್ದರು.

ಅತ್ತೆ ಒಂಬತ್ತು ವರ್ಷದ ಹಿಂದೆ ಮಗಳನ್ನು ನೋಡಿಕೊಂಡು ಹೋಗಲು ನಾಲ್ಕು ದಿನಕ್ಕೆಂದು ಬಂದಿದ್ದರು. ಎಪ್ಪತ್ತಾರು ವರ್ಷ, ಎತ್ತರ ನಾಲ್ಕೂವರೆ ಅಡಿ, ದನಿ ಮಾತ್ರ ಹನ್ನೆರಡು ಅಡಿ. ಅವರು ಅಡುಗೆಮನೆಯಲ್ಲಿ ಕೆಮ್ಮಿದರೆ ಎದುರು ಮನೆಯವರು ಗ್ಯಾಸ್ ಆರಿಸುತ್ತಿದ್ದರು. ಬೀದಿಗೆ ಹತ್ತೊಂಬತ್ತು ದಿನದಿಂದ ನೀರು ಬಂದಿರಲಿಲ್ಲ. ಇಪ್ಪತ್ತನೇ ದಿನ ಅತ್ತೆ ನಲವತ್ತು ಮನೆಯವರನ್ನು ಖಾಲಿ ಬಕೆಟ್ ಸಮೇತ ಹೊರಡಿಸಿದರು. ನೀರಿನ ಕಚೇರಿಯಲ್ಲಿ ಎಂಜಿನಿಯರು ಮೇಜಿನ ಹಿಂದೆ ಕೂತು, "ನಾಳೆ ನೋಡೋಣ" ಎಂದರು. ಹತ್ತೊಂಬತ್ತು ದಿನವೂ ಅದನ್ನೇ ಹೇಳಿದ್ದರು. ಅತ್ತೆ ಅವರ ಮಾತು ಮುಗಿಯುವವರೆಗೆ ಕಾದು, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು, ತಿರುಗಿಯೂ ನೋಡದೆ, "ಅಳಿಯಂದ್ರೇ, ಬಾಗಿಲು ಹಾಕಿ" ಎಂದರು.

ಅತ್ತೆಯ ಮಾತು ಆರೋಪಿಯ ಕಿವಿಗೆ ಬೀಳುವ ಮೊದಲೇ ಕೈಗೆ ತಲುಪುತ್ತಿತ್ತು. ಬಾಗಿಲಿಗೆ ನೇತಾಡುತ್ತಿದ್ದ ಬೀಗವನ್ನು ಅವನು ಹಾಕಿ ಒತ್ತಿಯೂ ಆಗಿತ್ತು. ಎಂಜಿನಿಯರು ಒಳಗಿನಿಂದ ಬಡಿದರು, ಬೈದರು, ಬೇಡಿಕೊಂಡರು, ಕಡೆಗೆ ಫೋನು ಎತ್ತಿದರು. ಇಪ್ಪತ್ತೈದು ನಿಮಿಷದಲ್ಲಿ ಬೀದಿಗೆ ನೀರು ಬಂತು. ಎಷ್ಟು ಬಂತೆಂದರೆ ನಲ್ಲಿಗಳೇ ಗಾಬರಿಯಾದವು.

ಸೋಮವಾರ ಬೆಳಿಗ್ಗೆ ಇಲಾಖೆಯ ಕಾರ್ಯದರ್ಶಿಗಳು ಆರೋಪಿಯನ್ನು ಕೋಣೆಗೆ ಕರೆಸಿಕೊಂಡರು. ಈ ಪೆಟ್ಟಿಗೆ ಪದ್ಧತಿ ಕಂಡರೆ ಅವರಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

"ಹತ್ತು ಸಲ ಕೆಡಿಸಿದೀಯ. ನಾಳೆ ನಾನೇ ಬಂದು ಕೂತ್ಕೋತೀನಿ. ಇದೂ ಬಿದ್ದುಹೋದ್ರೆ ಪೆಟ್ಟಿಗೆ ಒಲೆಗೆ, ನೀನು ನೆಲಮಾಳಿಗೆಗೆ. ಹಳೇ ಕಡತ ಎಣಿಸ್ಕೊಂಡು ರಿಟೈರ್ ಆಗು. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್. ಆದ್ರೆ ಮೊನ್ನೆ ಶನಿವಾರ..."

ಕಾರ್ಯದರ್ಶಿಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. "ನಂಗೆ ಹೇಳ್ಬೇಡ! ಈ ವಾರವೆಲ್ಲ ನಿಂಗೆ ನೆಗಡಿ. ಹೊದ್ದುಕೊಂಡು ಮಲಗಿದ್ದೆ. ಅಷ್ಟೇ."

ನೆಲಮಾಳಿಗೆಯೆಂದರೆ ಸುಮ್ಮನೆ ಮಾತಲ್ಲ. ಅಲ್ಲಿನ ಧೂಳು ಕಾನೂನಿಗಿಂತ ಹಳೆಯದು. ಅಲ್ಲಿಗೆ ವರ್ಗವಾದ ಒಬ್ಬ ಗುಮಾಸ್ತ ಒಮ್ಮೆ ಸೀನಿದ್ದಕ್ಕೆ ಎರಡು ಶತಮಾನದ ದಾಖಲೆ ಮೇಲಿಂದ ಕೆಳಗೆ ಬಿದ್ದು, ಅವನನ್ನು ಹುಡುಕಲು ಹೋದವರು ಬೇರೊಬ್ಬ ಗುಮಾಸ್ತನನ್ನು ಹೊರತೆಗೆದರಂತೆ. ಆರೋಪಿಗೆ ಇನ್ನೆರಡು ವರ್ಷ ನೌಕರಿಯಿತ್ತು. ಮೇಲಿನ ಕಿಟಕಿ, ಮೇಲಿನ ಟೀ, ಪೆಟ್ಟಿಗೆಯ ಮೇಲೆ ನಿಂತಾಗ ದೊಡ್ಡ ದೊಡ್ಡವರು ತನ್ನ ಮಾತಿಗೆ ಕಿವಿಗೊಡುವ ಆ ಗಳಿಗೆ, ಇಷ್ಟು ಬಿಟ್ಟರೆ ಅವನಿಗೆ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ.

ಸಂಜೆ ಊಟದ ತಟ್ಟೆಯ ಮುಂದೆ ಅವನು ವಿಷಯ ಹೇಳಿದ. ಹೇಳದಿರಲು ಅವನಿಗೆ ಬರುತ್ತಿರಲಿಲ್ಲವಲ್ಲ.

"ನೆಗಡಿ ಅಂದುಬಿಡ್ರೀ, ನಿಮ್ಮ ಗಂಟೇನು ಹೋಗುತ್ತೆ" ಎಂದಳು ಹೆಂಡತಿ. "ನಾಲ್ಕು ಸಲ ಮೂಗು ಎಳೀರಿ, ಮುಗೀತು."

"ಆ ಕಲಂ ಏನಂತೆ, ಓದಿ ನೋಡೋಣ" ಎಂದರು ಅತ್ತೆ.

ಆರೋಪಿಗೆ ಎಲ್ಲ ಕರಡುಗಳೂ ಬಾಯಿಪಾಠ. ಒಪ್ಪಿಸಿದ. ಅತ್ತೆಯ ಮುಖ ಅರಳುತ್ತಾ ಬಂತು. "ಸರ್ಕಾರಾನ ಬಲವಂತಪಡಿಸೋದು, ಹೌದು. ನೌಕರನ್ನ ಹಿಡಿದಿಡೋದು, ಹೌದು. ಅಯ್ಯೋ, ಇದರಲ್ಲಿ ನಾನೇ ಇದ್ದೀನಲ್ಲ! ಶಿಕ್ಷೆ ಎಷ್ಟು?"

"ಜೀವಾವಧಿ, ಅತ್ತೆ."

"ನನ್ನ ವಯಸ್ಸಿಗೆ ಅದೇನು ಹೆಚ್ಚಲ್ಲ ಬಿಡಿ. ಎರಡು ವರ್ಷ ಊಟ ಹಾಕ್ತಾರೆ, ಅವರೇ ಬೇಡ ಅಂತ ಕೈಮುಗಿದು ಮನೇಗೆ ಬಿಟ್ಟುಹೋಗ್ತಾರೆ." ಅತ್ತೆ ಒಂದು ತುತ್ತು ತಿಂದರು. ಮತ್ತೆ ಸಣ್ಣ ದನಿಯಲ್ಲಿ, ಅಂದರೆ ಪಕ್ಕದ ಎರಡು ಮನೆಗಳಿಗೆ ಮಾತ್ರ ಕೇಳಿಸುವ ದನಿಯಲ್ಲಿ, "ಮೂರನೇ ಮನೆ ಹುಡುಗಿ ಬಂದಿದ್ಲಲ್ಲ, ಎರಡು ತಿಂಗಳ ಕೂಸು ಎತ್ಕೊಂಡು. ಅವಳ ಕೈಲಿ ಬಕೆಟ್ಟೂ ನಾನೇ ಕೊಟ್ಟೆ. ಅವಳಿಗೂ ಇದೇನಾ?"

"ಕಲಂ ಮುಖ ನೋಡಲ್ಲ ಅತ್ತೆ. ಒಳಗೆ ಬಂದವರೆಲ್ಲಾ ಒಳಗೇ."

ಹೆಂಡತಿ ಕೇಳದೆಯೇ ಇನ್ನೊಂದು ಸೌಟು ಸಾರು ಬಡಿಸಿದಳು.

ಮಂಗಳವಾರ ಟೀ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರ್ಯದರ್ಶಿಗಳು ಒಳ್ಳೆಯ ಕುರ್ಚಿ ತರಿಸಿಕೊಂಡು ಕೂತಿದ್ದರು. ಮೇಡಂ ಕರಡಿನ ಹಾಳೆಯನ್ನು ಎದೆಗವಚಿಕೊಂಡಿದ್ದರು. ಆರೋಪಿ ಪೆಟ್ಟಿಗೆ ಹತ್ತಿದ. ಬುಧವಾರ, ಗುರುವಾರ, ಶುಕ್ರವಾರ ಹೇಳಿ ಮುಗಿಸಿದ. ಎಲ್ಲೂ ಸಿಕ್ಕಲಿಲ್ಲ. ಮೇಡಂ ಮುಖದಲ್ಲಿ ಬಣ್ಣ ಏರಿತು.

"ಶನಿವಾರ..." ಎಂದು ನಿಂತ.

"ನೆಗಡಿ" ಎಂದರು ಕಾರ್ಯದರ್ಶಿಗಳು ಮೆಲ್ಲಗೆ.

ಆರೋಪಿ ಮೂಗು ಎಳೆಯಲು ನೋಡಿದ. ಅಷ್ಟು ಶುಭ್ರವಾಗಿ ಅವನ ಮೂಗು ಹುಟ್ಟಿದಂದಿನಿಂದ ಆಡಿರಲಿಲ್ಲ. ಗಾಳಿ ಸುಯ್ಯೆಂದು ಒಳಗೆ ಹೋಯಿತು, ಸುಯ್ಯೆಂದು ಹೊರಗೆ ಬಂತು. ಆ ಗಾಳಿಯ ಜತೆಗೇ ಶನಿವಾರವೂ ಹೊರಗೆ ಬಂತು: ನಲವತ್ತು ಬಕೆಟ್ಟು, ಕೂಸು, ನಾಳೆ ನೋಡೋಣ, ಬಾಗಿಲು, ಬೀಗ, ಇಪ್ಪತ್ತೈದು ನಿಮಿಷ, ನೀರು.

ಮೇಡಂ ಕೈಯಿಂದ ಪೆನ್ನು ಜಾರಿ ಬಿತ್ತು. ಉದ್ದೇಶವಿತ್ತು, ಬಲವಂತವಿತ್ತು, ಹಿಡಿದಿಟ್ಟದ್ದಿತ್ತು, ಎಂಜಿನಿಯರಿಗೆ ಭೀತಿಯಂತೂ ಧಾರಾಳವಾಗಿತ್ತು. ಹನ್ನೊಂದನೇ ಸಲವೂ ಜೀವಾವಧಿ.

ಆದರೆ ಕಾರ್ಯದರ್ಶಿಗಳು ತೊಡೆ ತಟ್ಟಿಕೊಂಡು ಎದ್ದುನಿಂತರು. "ಪಾಸು! ಕಲಂ ಪಾಸು! ತಪ್ಪಿಲ್ಲದ ಕೆಲಸಕ್ಕೆ ಸಿಕ್ಕಿಬಿದ್ರೆ ತಾನೇ ಹಿಂದಕ್ಕೆ ಕಳಿಸೋದು? ಸರ್ಕಾರಿ ಎಂಜಿನಿಯರನ್ನ ಬೀಗ ಹಾಕಿ ಕೂಡಿಹಾಕೋದು ತಪ್ಪಿಲ್ಲದ ಕೆಲಸಾನಾ? ಇವನು ನಿಜವಾಗ್ಲೂ ಅಪರಾಧಿ! ಏನಯ್ಯಾ, ತಪ್ಪಲ್ವಾ ಅದು?"

ಎಲ್ಲರೂ ಆರೋಪಿಯ ಕಡೆ ನೋಡಿದರು. ಮೂವತ್ತೊಂದು ವರ್ಷದಲ್ಲಿ ಪೆಟ್ಟಿಗೆಯ ಮೇಲಿನವನಿಗೆ ಯಾರೂ ಅಭಿಪ್ರಾಯ ಕೇಳಿರಲಿಲ್ಲ.

"ತಪ್ಪೇ ಸಾರ್" ಎಂದ ಆರೋಪಿ. "ಆದ್ರೆ ಆ ತಪ್ಪು ಇದಲ್ಲ."

"ಅಂದ್ರೆ?"

"ಅಕ್ರಮವಾಗಿ ಕೂಡಿಹಾಕೋದಕ್ಕೆ ಬೇರೆ ಕಲಂ ಇದೆ ಸಾರ್. ಹದಿನಾಲ್ಕು ವರ್ಷದ ಹಿಂದೆ ಇದೇ ಪೆಟ್ಟಿಗೆ ಮೇಲೆ ನನಗೇ ಅಳತೆ ತೆಗೆದು ಮಾಡಿದ್ದು. ಕಂಕುಳಲ್ಲಿ ಸ್ವಲ್ಪ ಬಿಗಿ, ಆದ್ರೆ ನನ್ನದು. ಅದನ್ನ ಹಾಕಿ, ಸಂತೋಷವಾಗಿ ಹಾಕ್ಕೋತೀನಿ. ಇದು ದೊಡ್ಡವರ ಅಂಗಿ ಸಾರ್. ಬಸ್ ತುಂಬ ಜನರನ್ನ ಸುಟ್ಟವನಿಗೆ, ಆಸ್ಪತ್ರೆಗೆ ಬಾಂಬ್ ಇಟ್ಟವನಿಗೆ ಹೊಲಿದಿದ್ದು. ಇದನ್ನ ನನಗೆ ಹಾಕಿದ್ರೆ ನನ್ನ ಜತೆಗೆ ನಮ್ಮ ಬೀದಿ ಪೂರ್ತಿ ಒಳಗೆ ಹಿಡಿಯುತ್ತೆ. ಇನ್ನೂ ಜಾಗ ಉಳಿಯುತ್ತೆ."

"ಹಿಡೀಲಿ ಬಿಡು, ಏನೀಗ?"

"ನಾಳೆ ಆ ಬಾಂಬ್ ಇಟ್ಟವನೇ ಸಿಕ್ಕಿದಾಗ ಅವನನ್ನೂ ನನ್ನನ್ನೂ ಒಂದೇ ಹೆಸರಿಂದ ಕರೀತೀರಲ್ಲ ಸಾರ್. ಆಗ ಜನ ಅವನನ್ನ ನೋಡಿ, ಪಾಪ, ಇವನೂ ನೀರು ಕೇಳೋಕೆ ಹೋಗಿದ್ದನೇನೋ ಅಂದುಬಿಡ್ತಾರೆ."

ಮೇಡಂ ಬಗ್ಗಿ ಪೆನ್ನು ಎತ್ತಿಕೊಂಡರು.

"ಬೇರೆ ಕಾಯ್ದೆಯಲ್ಲಿದ್ದಾಗ ಭಯೋತ್ಪಾದನೆ ಕಲಂ ಎಲ್ಲ ಕೆಲಸಾನೂ ತಾನೇ ಮಾಡ್ಬೇಕಿತ್ತು" ಎಂದರು, ಯಾರಿಗೂ ಅಲ್ಲದೆ. "ಈಗ ಮನೆ ತುಂಬ ಜನ ಇದ್ದಾರೆ. ಬೀಗಕ್ಕೆ ಒಂದು ಕಲಂ, ಕಲ್ಲಿಗೆ ಒಂದು, ಬೆದರಿಕೆಗೆ ಒಂದು. ಅವರು ಮಾಡೋ ಕೆಲಸಾನ ಇದಕ್ಕೂ ಯಾಕೆ ಹೊರಿಸ್ತಾ ಕೂತಿದ್ದೆ ನಾನು, ಹನ್ನೊಂದು ತಿಂಗಳು?"

ಎರಡು ಸಾಲು ಪರಪರನೆ ಹೊಡೆದುಹಾಕಿದರು. ಜನರನ್ನು ಕೊಲ್ಲುವುದೋ ಘೋರವಾಗಿ ಗಾಯಗೊಳಿಸುವುದೋ ಆಗಿರಬೇಕು, ಅದೂ ಊರಿಗೆ ಊರನ್ನೇ ಭೀತಿಯಲ್ಲಿ ಕೆಡವುವ ಉದ್ದೇಶದಿಂದಲೇ ಆಗಿರಬೇಕು ಎಂದು ಬರೆದರು. ಪ್ರತಿಭಟನೆ, ಮುಷ್ಕರ, ಅಧಿಕಾರಿಯ ಜತೆ ಜಗಳ, ಇಷ್ಟೇ ಆದರೆ ಭಯೋತ್ಪಾದನೆಯಲ್ಲ ಎಂದು ಕೆಳಗೊಂದು ಸಾಲು ಸೇರಿಸಿದರು. ನಾಲ್ಕು ನಿಮಿಷ ಹಿಡಿಯಿತು. ಇದು ಹನ್ನೆರಡನೇ ಕರಡು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ, ಹನ್ನೆರಡಕ್ಕೆ ಮಂತ್ರಿಗಳಿಗೆ ಎಂದರು.

ಕಾರ್ಯದರ್ಶಿಗಳು ಮುಖ ಕೆಂಪಗೆ ಮಾಡಿಕೊಂಡು, "ನಡೆಸಿ, ನೋಡೇಬಿಡ್ತೀನಿ. ಅದೂ ಬಿದ್ರೆ ಪೆಟ್ಟಿಗೆ ಒಲೆಗೇ. ಇವನಿಗೆ ಮಾತ್ರ ಅವನು ಕೇಳಿದ ಅಂಗೀನೇ ಕೊಡ್ತೀನಿ" ಎಂದು ಅಲ್ಲೇ ಆದೇಶ ಬರೆಸಿದರು: ಸರ್ಕಾರಿ ಎಂಜಿನಿಯರರನ್ನು ಅಕ್ರಮವಾಗಿ ಕೂಡಿಹಾಕಿದ್ದಕ್ಕಾಗಿ ಏಳು ದಿನ ಅಮಾನತು, ಕಟ್ಟಡದೊಳಗೆ ಪ್ರವೇಶವಿಲ್ಲ. ಆರೋಪಿ ಅದನ್ನು ಎರಡು ಸಲ ಓದಿದ. ಒಂದಕ್ಷರವೂ ಸಡಿಲವಿರಲಿಲ್ಲ, ಎಲ್ಲೂ ಬಿಗಿಯಿರಲಿಲ್ಲ. "ಸರಿಯಾಗಿದೆ ಸಾರ್" ಎಂದು ಸಹಿ ಹಾಕಿದ.

ಮೆಟ್ಟಿಲಿಳಿಯುವಾಗ ಹೊಳೆಯಿತು: ನಾಳೆ ಪೆಟ್ಟಿಗೆಯ ಮೇಲೆ ನಿಲ್ಲುವವರು ಯಾರು?

ಮನೆಯಲ್ಲಿ ಈ ಪ್ರಶ್ನೆ ಅರ್ಧ ನಿಮಿಷವೂ ಬಾಳಲಿಲ್ಲ. "ನಾನಿದ್ದೀನಲ್ಲ" ಎಂದರು ಅತ್ತೆ.

"ಅತ್ತೆ, ಸಾಧು ಮನುಷ್ಯರೇ ಆಗ್ಬೇಕಂತೆ..."

"ಏನಂದ್ರಿ ಅಳಿಯಂದ್ರೇ?"

"ಬಸ್ಸು ಎಂಟು ಹತ್ತಕ್ಕೆ ಅಂದೆ."

ಬುಧವಾರ ಅತ್ತೆ ಒಳ್ಳೆಯ ಸೀರೆಯುಟ್ಟು ಒಳಗೆ ಹೋದರು. ಆರೋಪಿಯನ್ನು ಕಾವಲುಗಾರ ಗೇಟಿನಲ್ಲೇ ನಿಲ್ಲಿಸಿದ. "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ಆದೇಶ ಬಂದಿದೆ" ಎಂದು ತನ್ನ ಸ್ಟೂಲು ಕೊಟ್ಟ. ಒಳಗೆ ಹೋಗುವ ಅಗತ್ಯವೂ ಬೀಳಲಿಲ್ಲ. ಅತ್ತೆಯ ಸಾಕ್ಷ್ಯ ಮೂರನೇ ಮಹಡಿಯ ಕಿಟಕಿಯಿಂದ ಇಳಿದು ರಸ್ತೆ ದಾಟಿ ಎದುರಿನ ಬ್ಯಾಂಕಿಗೂ ಕೇಳಿಸುತ್ತಿತ್ತು. ಏಳು ದಿನದ ಕತೆಗೆ ಪೀಠಿಕೆಯಾಗಿ ಅವರು ತಮ್ಮ ಏಳನೇ ವರ್ಷದಿಂದ ಆರಂಭಿಸಿದರು. ಹತ್ತು ಗಂಟೆಗೆ ಅವರ ಮದುವೆಯಾಯಿತು. ಹತ್ತೂವರೆಗೆ ಅಳಿಯ ಬಂದ. ಆ ಭಾಗದಲ್ಲಿ ಕಾವಲುಗಾರ ಮರ್ಯಾದೆಗೆ ಬೇರೆ ಕಡೆ ನೋಡಿದ. ಹನ್ನೊಂದೂ ಕಾಲಿಗೆ ಬಕೆಟ್ಟುಗಳು ಹೊರಟವು. ಎಂಜಿನಿಯರನ್ನು ಅತ್ತೆ ಇವತ್ತಿನ ಕತೆಯಲ್ಲಿ ಎರಡು ಗಂಟೆ ಕೂಡಿಹಾಕಿದ್ದರು. ಆರೋಪಿ ಸ್ಟೂಲಿನಿಂದ ಎದ್ದು, "ಇಪ್ಪತ್ತೈದು ನಿಮಿಷ, ಅತ್ತೆ!" ಎಂದು ಕಿಟಕಿಗೆ ಕೂಗಿದ. "ಇಪ್ಪತ್ತೈದೇ ನಿಮಿಷವಂತೆ, ಬರ್ಕೊಳ್ಳಿ" ಎಂದು ಮೇಲಿನಿಂದ ಬಂತು.

ಆಮೇಲೆ ಸದ್ದಿಲ್ಲ. ಐದು ನಿಮಿಷ ಸದ್ದಿಲ್ಲ. ಆರೋಪಿ ಎಷ್ಟೋ ಸಲ ಮೇಲೆ ನಿಂತು ಈ ಐದು ನಿಮಿಷ ಕಳೆದಿದ್ದ. ಕೆಳಗೆ ನಿಂತರೆ ಅದು ಇಷ್ಟು ಉದ್ದವಿರುತ್ತದೆಂದು ಗೊತ್ತಿರಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮೇಡಂ ಕಡತ ಹಿಡಿದುಕೊಂಡು ಗೇಟು ದಾಟಿ ಕಾರಿನ ಕಡೆ ಓಡಿದರು. ಓಡುತ್ತಲೇ ಅವನತ್ತ ಕೈಯೆತ್ತಿ ಕಡತವನ್ನೇ ಎರಡು ಸಲ ಅಲ್ಲಾಡಿಸಿದರು. ಹಿಂದೆಯೇ ಅತ್ತೆ ಬಂದರು. ಮುಖ ಗಂಟಿಕ್ಕಿಕೊಂಡಿತ್ತು.

"ಏನಾಯ್ತು ಅತ್ತೆ?"

"ಏನಾಗೋದು, ಬಿಟ್ಟುಬಿಟ್ರು!" ಎಂದರು ಅತ್ತೆ. "ನಲವತ್ತು ಬಕೆಟ್ ಹೊರಡಿಸಿದೋಳು ನಾನು. ಆ ಹೆಂಗಸು ಅಷ್ಟು ಜನರ ಎದುರಿಗೆ, ನೀವು ಭಯೋತ್ಪಾದಕರಲ್ಲ ಅಮ್ಮಾ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ, ಕುಣಿದಾಡಿಬಿಟ್ಲು. ಆ ಕಾರ್ಯದರ್ಶಿನೂ ಮೂರು ಸಲ ಓದಿ ನೋಡಿದ ಪಾಪ, ಎಲ್ಲೂ ಸಿಕ್ಕಿಸೋಕಾಗ್ಲಿಲ್ಲ."

"ಒಳ್ಳೇದೇ ಆಯ್ತಲ್ಲ ಅತ್ತೆ. ಪೆಟ್ಟಿಗೆ ಉಳೀತು. ಮೂರನೇ ಮನೆ ಹುಡುಗೀನೂ ಉಳಿದ್ಲು."

"ಅದು ಸರಿ, ಅದಕ್ಕೇ ತಾನೇ ಹತ್ತಿದ್ದು. ಹಾಗಂತ ನಾನೇನು ಬರಿಗೈಲಿ ಬರ್ತೀನಾ? ನನ್ನದೇನಿದೆಯೋ ಅದು ನನಗೆ ಕೊಡಿ ಅಂದೆ. ಹುಡುಕಿ ಕೊಟ್ರು." ಅತ್ತೆ ಸೆರಗಿನೊಳಗಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ಅವನ ಮುಂದೆ ಹಿಡಿದರು. ಕೂಡಿಹಾಕುವುದಕ್ಕೆ ಪ್ರಚೋದನೆ ಎಂದು ಅದರಲ್ಲಿ ಬರೆದಿತ್ತು. "ನಿಮ್ಮದಕ್ಕಿಂತ ದೊಡ್ಡದಾ ಇದು?"

"ಸರಿಸಮ, ಅತ್ತೆ. ಮಾಡಿದೋನಿಗೆಷ್ಟೋ ಮಾಡಿಸಿದೋರಿಗೂ ಅಷ್ಟೇ."

ಸರಿಸಮ ಎಂಬುದು ಅತ್ತೆಗೆ ಅಷ್ಟಾಗಿ ರುಚಿಸಲಿಲ್ಲ. ಆದರೂ ಚೀಟಿಯನ್ನು ಜೋಪಾನವಾಗಿ ಮಡಿಸಿ ಒಳಗಿಟ್ಟುಕೊಂಡು, ತಿರುಗಿಯೂ ನೋಡದೆ ಬಸ್ ಸ್ಟಾಪಿನ ಕಡೆ ಹೊರಟರು. ಪ್ರಚೋದಿಸಿದವರು ಮುಂದೆ, ಪ್ರಚೋದನೆಗೆ ಒಳಗಾದವನು ಎರಡು ಹೆಜ್ಜೆ ಹಿಂದೆ.

"ಬೇಗ ನಡೀರಿ ಅಳಿಯಂದ್ರೇ, ಇವತ್ತು ಬೀದಿ ದೀಪದವರ ಕಚೇರಿ ಒಂದು ಗಂಟೆಗೆಲ್ಲಾ ಊಟಕ್ಕೆ ಮುಚ್ಚುತ್ತೆ" ಎಂದರು ಅತ್ತೆ.

ಆರೋಪಿ ಎರಡೂ ಕೈಯನ್ನು ಪ್ಯಾಂಟಿನ ಜೇಬಿನೊಳಗೆ ಭದ್ರವಾಗಿ ಇಟ್ಟುಕೊಂಡು, ಬೇಗ ಬೇಗ ನಡೆದ.